ಮೇಣದಡಿಯ ಬಣ್ಣ: ಲ್ವಿವ್‌ನಿಂದ ಕಿಯಿವ್‌ವರೆಗೆ ಎಂಟು ದಿನ

ಹೊರಡುವ ಮುನ್ನ

ಮಕ್ಕಳನ್ನು ವೈದ್ಯಕೀಯ ಓದಲು ಖಾರ್ಕಿವ್‌ಗೆ ಕಳಿಸಿದ್ದ ಕರ್ನಾಟಕದ ಮನೆಗಳಿಗೆ ಉಕ್ರೇನ್ ಹೊಸ ಹೆಸರೇನಲ್ಲ. 2022ರ ಫೆಬ್ರುವರಿಯಲ್ಲಿ ಅದೇ ಮಕ್ಕಳು ನೆಲಮಾಳಿಗೆಗಳಿಂದ ಫೋನ್ ಮಾಡತೊಡಗಿದಾಗ ಉಳಿದವರಿಗೂ ಆ ಊರುಗಳ ಹೆಸರು ಬಾಯಿಗೆ ಬಂದವು. ಆದರೆ ನಮಗೆ ರೂಢಿಯಾಗಿರುವ ‘ಕೀವ್’ ರಷ್ಯನ್ ಉಚ್ಚಾರಕ್ಕೆ ಹತ್ತಿರದ್ದು. ಉಕ್ರೇನಿಯನ್ನರು ಹೇಳುವುದು ‘ಕಿಯಿವ್’. ಈ ಬರಹದಲ್ಲಿ ಅವರ ಉಚ್ಚಾರವನ್ನೇ ಇಟ್ಟುಕೊಂಡಿದೆ. ಇದು ಬರೀ ಕಾಗುಣಿತದ ಮಾತಲ್ಲ. ಈ ದೇಶದಲ್ಲಿ ಕಲೆಯನ್ನು ನೋಡುವಾಗ ಗೋಡೆಯ ಮೇಲೆ ಏನಿದೆ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆಗಳು ಇನ್ನೂ ಇವೆ: ಏನು ಇಲ್ಲ, ಅದನ್ನು ಯಾರು ಅಳಿಸಿದರು, ಯಾರು ಮುಚ್ಚಿಟ್ಟು ಉಳಿಸಿದರು, ಚೀಟಿಯಲ್ಲಿ ಯಾರ ಹೆಸರು ಬರೆದರು.

ಯುದ್ಧ ನಡೆಯುತ್ತಿರುವವರೆಗೆ ಇದು ವಿಹಾರದ ದಾರಿಯಲ್ಲ. ಕೆಲಸದ ಮೇಲೆ ಹೋಗಲೇಬೇಕಾದವರಿಗೆ ಮತ್ತು ಮುಂದೊಂದು ದಿನ ಆಕಾಶ ತೆರೆದಾಗ ಹೊರಡುವವರಿಗೆ ಇದು ಉಪಯೋಗಕ್ಕೆ ಬಂದೀತು. 2022ರ ಫೆಬ್ರುವರಿ 24ರಿಂದ ಅಲ್ಲಿ ನಾಗರಿಕ ವಿಮಾನ ಹಾರಾಟ ನಿಂತಿದೆ. ಪೋಲೆಂಡಿಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಉಕ್ರೇನಿನ ವೀಸಾ ಒಂದೇ ಸಾಲದು. ಪೋಲೆಂಡಿನಿಂದ ಹೊರಟು ಮತ್ತೆ ಪೋಲೆಂಡಿಗೇ ಮರಳಬೇಕಾದ್ದರಿಂದ ಶೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಲಿ. ಒಂದೇ ಪ್ರವೇಶದ ವೀಸಾ ಹಿಡಿದು ಗಡಿ ದಾಟಿದವರಿಗೆ ವಾಪಸು ಬರುವಾಗ ದಾರಿ ಮುಚ್ಚಿರುತ್ತದೆ. ಪ್ರವಾಸ ವಿಮೆಗಳು ಸಾಮಾನ್ಯವಾಗಿ ಯುದ್ಧದ ಹಾನಿಯನ್ನು ಹೊರಗಿಡುತ್ತವೆ. ಆ ಷರತ್ತನ್ನು ಓದಿಯೇ ಹಣ ಕಟ್ಟಿ. ಭಾರತ ಸರ್ಕಾರದ ಸೂಚನೆ ಆ ವಾರ ಏನಿದೆ ಎಂದು ನೋಡದೆ ಟಿಕೆಟ್ ಮಾಡಿಸಬೇಡಿ.

ವಾರದ ಲೆಕ್ಕವೂ ಮುಖ್ಯ. ಕೋಸಿವ್‌ನ ಕರಕುಶಲ ಸಂತೆ ಶನಿವಾರ. ಕಿಯಿವ್‌ನ ಹಲವು ಕಲಾ ಮ್ಯೂಸಿಯಂಗಳಿಗೆ ಸೋಮವಾರ, ಮಂಗಳವಾರ ರಜೆ. ಹಾಗಾಗಿ ಬುಧವಾರ ಗಡಿ ದಾಟಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಒಂದು ದಿನ ಆಚೀಚೆಯಾದರೂ ಸಂತೆಯೋ ಮ್ಯೂಸಿಯಮ್ಮೋ ಒಂದು ತಪ್ಪಿಹೋಗುತ್ತದೆ.

ಮೊದಲ ದಿನ, ಬುಧವಾರ: ಗಡಿ, ಲ್ವಿವ್

ಗಡಿಯೂರು ಪ್ಶೆಮಿಶ್ಲ್. ಪೋಲೆಂಡಿನ ಹಳಿಗಳ ಅಗಲ 1435 ಮಿಲಿಮೀಟರ್, ಉಕ್ರೇನಿನದು 1520. ಅಗಲದ ಹಳಿ ಈ ನಿಲ್ದಾಣದವರೆಗೂ ಬಂದಿರುವುದರಿಂದ ಇಲ್ಲಿ ರೈಲು ಬದಲಿಸಿದರೆ ಸಾಕು. ಪಾಸ್‌ಪೋರ್ಟ್ ತಪಾಸಣೆಯ ಸಾಲು ಉದ್ದ; ರೈಲಿನ ಸಮಯಕ್ಕಿಂತ ಒಂದೂವರೆ ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಟಿಕೆಟ್ಟಿನ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಇನಿಷಿಯಲ್ ಪದ್ಧತಿ ಇಂಥ ಕಡೆ ತೊಂದರೆ ಕೊಡುತ್ತದೆ.

ಫೋನಿನಲ್ಲಿ ವಾಯುದಾಳಿ ಎಚ್ಚರಿಕೆಯ ಆ್ಯಪ್ ಗಡಿಯಲ್ಲೇ ಹಾಕಿಕೊಳ್ಳಿ. ಸೈರನ್ ಆದರೆ ಮ್ಯೂಸಿಯಂಗಳು ಬಾಗಿಲು ಹಾಕಿ ಜನರನ್ನು ಆಶ್ರಯತಾಣಕ್ಕೆ ಕಳಿಸುತ್ತವೆ; ಎರಡು ಗಂಟೆಯ ವೀಕ್ಷಣೆಗೆ ನಾಲ್ಕು ಗಂಟೆ ಇಟ್ಟುಕೊಂಡರೆ ಕ್ಷೇಮ. ಲ್ವಿವ್, ಕಿಯಿವ್ ಎರಡರಲ್ಲೂ ನಡುರಾತ್ರಿ 12ರಿಂದ ಬೆಳಗ್ಗೆ 5ರವರೆಗೆ ಕರ್ಫ್ಯೂ. ಸೈನಿಕರು, ತಪಾಸಣಾ ಠಾಣೆಗಳು, ವಿದ್ಯುತ್ ಸ್ಥಾವರಗಳ ಫೋಟೊ ತೆಗೆಯುವಂತಿಲ್ಲ. ದಿನವೂ ಬೆಳಗ್ಗೆ 9ಕ್ಕೆ ಮಡಿದವರಿಗಾಗಿ ಒಂದು ನಿಮಿಷದ ಮೌನವಿದೆ. ಬೀದಿಯಲ್ಲಿ ಜನ ನಿಂತರೆ ನೀವೂ ನಿಲ್ಲಿ.

ಲ್ವಿವ್‌ನ ಹಳೆಯ ಪೇಟೆ 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2023ರ ಸೆಪ್ಟೆಂಬರಿನಲ್ಲಿ ಕಿಯಿವ್ ಜೊತೆಗೇ ‘ಅಪಾಯದಲ್ಲಿರುವ ತಾಣಗಳ’ ಪಟ್ಟಿಗೂ ಸೇರಿತು. ರೀನೊಕ್ ಚೌಕದ ನಾಲ್ಕು ಮೂಲೆಯ ಕಾರಂಜಿ ಶಿಲ್ಪಗಳಿಗೆ ಯುದ್ಧ ಶುರುವಾದಾಗ ಬೆಂಕಿ ತಡೆಯುವ ಬಟ್ಟೆ ಸುತ್ತಿ ಸುತ್ತಲೂ ಚೌಕಟ್ಟು ಕಟ್ಟಿದರು. ಈ ಊರಿಗೆ ಲೆಂಬರ್ಗ್, ಲ್ವೂಫ್, ಲ್ವೋವ್, ಲ್ವಿವ್ ಎಂದು ಆಳಿದವರಿಗೊಂದರಂತೆ ಹೆಸರುಗಳಿವೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಇಲ್ಲಿ ಪೋಲಿಷರು ಹೆಚ್ಚು, ಮೂರನೇ ಒಂದು ಭಾಗದಷ್ಟು ಯಹೂದಿಗಳು, ಉಕ್ರೇನಿಯನ್ನರು ಕಡಿಮೆ. ನಾಜಿಗಳು ಕೆಡವಿದ ‘ಚಿನ್ನದ ಗುಲಾಬಿ’ ಸಿನಗಾಗ್ ಇದ್ದ ಜಾಗದಲ್ಲಿ ಈಗ ಕಲ್ಲುಗಳ ಮೇಲೆ ಕೆತ್ತಿದ ನೆನಪಿನ ಮಾತುಗಳಿವೆ. ಅಲ್ಲಿಂದ ಸ್ವಲ್ಪ ನಡೆದರೆ 14ನೇ ಶತಮಾನದ ಅರ್ಮೇನಿಯನ್ ಇಗರ್ಜಿ. ಉಕ್ರೇನಿನ ಕಲೆ ಎಂದರೆ ಉಕ್ರೇನಿಯನ್ ಮಾತಾಡುವವರ ಕಲೆ ಮಾತ್ರ ಎಂದುಕೊಂಡು ಬಂದವರು ಈ ಎರಡನ್ನು ಮೊದಲ ಸಂಜೆಯೇ ನೋಡಿಬಿಡುವುದು ಒಳ್ಳೆಯದು.

ಎರಡನೇ ದಿನ, ಗುರುವಾರ: ಹಲಗೆಯ ಮೇಲಿನ ದೇವರು

ಬೆಳಗ್ಗೆ ಆಂದ್ರೇಯ್ ಶೆಪ್ತಿತ್ಸ್ಕಿ ಹೆಸರಿನ ರಾಷ್ಟ್ರೀಯ ಮ್ಯೂಸಿಯಂ. ಗ್ರೀಕ್ ಕ್ಯಾಥೊಲಿಕ್ ಚರ್ಚಿನ ಮುಖ್ಯಸ್ಥರಾಗಿದ್ದ ಶೆಪ್ತಿತ್ಸ್ಕಿ 1905ರಲ್ಲಿ ಇದನ್ನು ಕಟ್ಟಿದರು. ಹಳ್ಳಿಯ ಮರದ ಚರ್ಚುಗಳಲ್ಲಿ ಹುಳ ಹಿಡಿಯುತ್ತಿದ್ದ ಐಕಾನ್‌ಗಳು, ಅಂದರೆ ಹಲಗೆಯ ಮೇಲೆ ಬರೆದ ದೇವರ ಚಿತ್ರಗಳು, ಇಲ್ಲಿಗೆ ಬಂದು ಸೇರಿದವು.

ಐಕಾನ್ ನೋಡುವ ಮೊದಲು ಅದರ ಪದರಗಳನ್ನು ತಿಳಿದಿರಬೇಕು. ತಳಕ್ಕೆ ಲಿಂಡೆನ್‌ನಂಥ ಮೆದು ಮರದ ಹಲಗೆ. ಅದು ಬಾಗದಂತೆ ಹಿಂಬದಿಗೆ ಅಡ್ಡಪಟ್ಟಿ. ಮೇಲೆ ಅಂಟಿಸಿದ ತೆಳು ಬಟ್ಟೆ. ಅದರ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಪ್ರಾಣಿಯ ಅಂಟು ಕಲಸಿ ಪದರ ಪದರವಾಗಿ ಬಳಿದು ಉಜ್ಜಿದ ಬಿಳಿ ನೆಲ. ಆಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಕೊನೆಗೆ ಅಗಸೆ ಎಣ್ಣೆಯ ಲೇಪ. ಕಷ್ಟ ಇರುವುದು ಈ ಕೊನೆಯ ಪದರದಲ್ಲಿ. ಎಣ್ಣೆ ಕಾಲಕ್ರಮೇಣ ಕಪ್ಪಾಗುತ್ತದೆ, ಮೇಣದಬತ್ತಿಯ ಮಸಿಯೂ ಅದಕ್ಕೆ ಅಂಟುತ್ತದೆ. ನೂರು ವರ್ಷದೊಳಗೆ ಚಿತ್ರ ಕಾಣದಂತಾದಾಗ ಊರಿನವರು ಅದರ ಮೇಲೆಯೇ ಹೊಸದಾಗಿ ಬರೆಸುತ್ತಿದ್ದರು. ಹಾಗಾಗಿ 15ನೇ ಶತಮಾನದ ಮುಖವೊಂದು 18ನೇ ಶತಮಾನದ ಮುಖದ ಕೆಳಗೆ ಅಡಗಿರಬಹುದು. ಶುಚಿಮಾಡುವವರು ಅಂಗೈಯಗಲ ಜಾಗವನ್ನು ಮೊದಲು ತೆರೆದು ನೋಡುತ್ತಾರೆ. ಅವಸರಿಸಿದರೆ ದ್ರಾವಕ ಎಣ್ಣೆಯನ್ನಷ್ಟೇ ಕರಗಿಸದೆ ಕೆಳಗಿನ ಬಣ್ಣವನ್ನೂ ಎತ್ತಿಬಿಡುತ್ತದೆ.

1910ರ ಸುಮಾರಿಗೆ ಇಲ್ಲಿ ಈ ಕೆಲಸ ಮಾಡಿದವರಲ್ಲೊಬ್ಬ ಮಿಖಾಯ್ಲೊ ಬೊಯ್ಚುಕ್. ಹಳ್ಳಿಯ ಹುಡುಗ, ಶೆಪ್ತಿತ್ಸ್ಕಿಯವರ ನೆರವಿನಿಂದ ಕ್ರಾಕೂಫ್, ಮ್ಯೂನಿಕ್, ಪ್ಯಾರಿಸ್‌ಗಳಲ್ಲಿ ಓದಿದ. ಐಕಾನಿನ ಶಿಸ್ತನ್ನು ಹೊಸ ಕಾಲದ ಗೋಡೆಗಳಿಗೆ ತರಬೇಕು ಎಂಬ ಅವನ ಹಂಬಲಕ್ಕೆ ಬೇರು ಈ ಹಲಗೆಗಳಲ್ಲಿದೆ. ಹೆಸರು ನೆನಪಿರಲಿ, ಕಿಯಿವ್‌ನಲ್ಲಿ ಮತ್ತೆ ಎದುರಾಗುತ್ತದೆ.

ಈ ಮ್ಯೂಸಿಯಮ್ಮಿನ ದೊಡ್ಡ ಹೆಮ್ಮೆ ಬೊಹೊರೊದ್ಚಾನಿ ಐಕಾನೊಸ್ಟಾಸ್. ಗರ್ಭಗುಡಿಯನ್ನೂ ಜನ ನಿಲ್ಲುವ ಜಾಗವನ್ನೂ ಬೇರ್ಪಡಿಸುವ ಚಿತ್ರಗಳ ಗೋಡೆ ಅದು. ಯೋವ್ ಕೊಂದ್ಜೆಲೆವಿಚ್ 1698ರಿಂದ 1705ರವರೆಗೆ ಅದರಲ್ಲಿ ತೊಡಗಿದ್ದ. 2022ರ ಮಾರ್ಚ್‌ನಲ್ಲಿ ಸಿಬ್ಬಂದಿ ಅದನ್ನು ತುಂಡುತುಂಡಾಗಿ ಬಿಚ್ಚಿ ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಯಾವ ಕೋಣೆ ಈಗ ತೆರೆದಿದೆ ಎಂಬುದನ್ನು ಟಿಕೆಟ್ ಕಿಂಡಿಯಲ್ಲೇ ಕೇಳಿ. ಇದಕ್ಕಿಂತ ಹಳೆಯ ಗಾಯವೂ ಈ ಮನೆಗಿದೆ. 1952ರಲ್ಲಿ ಸೋವಿಯತ್ ಅಧಿಕಾರಿಗಳು ‘ರಾಷ್ಟ್ರೀಯವಾದಿ’ ಎಂದು ಮುದ್ರೆಯೊತ್ತಿದ ಬಹಳಷ್ಟು ಕೃತಿಗಳನ್ನು ಇಲ್ಲಿಂದ ತೆಗೆದು ನಾಶಮಾಡಿದರು; ಬೊಯ್ಚುಕ್‌ನವೂ ಅದರಲ್ಲಿದ್ದವು.

ಮಧ್ಯಾಹ್ನ ಲಿಚಾಕಿವ್ ಸ್ಮಶಾನ. 1786ರಿಂದ ಇರುವ ಇದು ಶಿಲ್ಪಗಳ ತೋಟವೂ ಹೌದು. ಕವಿ ಇವಾನ್ ಫ್ರಾಂಕೊ ಸಮಾಧಿಯ ಮೇಲೆ ಬಂಡೆ ಒಡೆಯುವ ಆಳಿನ ಶಿಲ್ಪವಿದೆ. ಗೋಡೆಯಾಚೆ ಹೊಸ ಸಮಾಧಿಗಳು ಸಾಲಾಗಿವೆ, ಬಾವುಟಗಳೊಂದಿಗೆ. ಅಲ್ಲಿ ಕ್ಯಾಮೆರಾ ಹೊರತೆಗೆಯಬೇಡಿ, ತಾಯಂದಿರು ಕೂತಿರುತ್ತಾರೆ.

ಮೂರನೇ ದಿನ, ಶುಕ್ರವಾರ: ಕೊಲೊಮಿಯಾ, ಮೊಟ್ಟೆ ಬರೆಯುವವರು

ಲ್ವಿವ್‌ನಿಂದ ತೆಂಕಣಕ್ಕೆ ರೈಲು ಕಾರ್ಪಾಥಿಯನ್ ಬೆಟ್ಟಗಳ ತಪ್ಪಲಿನ ಕೊಲೊಮಿಯಾಕ್ಕೆ ತರುತ್ತದೆ. 2000ದಲ್ಲಿ ತೆರೆದ ಪಿಸಂಕಾ ಮ್ಯೂಸಿಯಮ್ಮಿನ ಕಟ್ಟಡವೇ 13.5 ಮೀಟರ್ ಎತ್ತರದ ಮೊಟ್ಟೆ. ಹೊರಗಿನಿಂದ ಮಕ್ಕಳಾಟದಂತೆ ಕಂಡರೂ ಒಳಗಿನ ಸಾವಿರಾರು ಮೊಟ್ಟೆಗಳು ಗಂಭೀರ ವಿದ್ಯೆ.

‘ಪಿಸಂಕಾ’ ಬಂದದ್ದು ‘ಪಿಸಾತಿ’, ಬರೆಯುವುದು, ಎಂಬ ಕ್ರಿಯಾಪದದಿಂದ. ನಾವು ಚಿತ್ರ ‘ಬರೆಯುತ್ತೇವೆ’ ಅನ್ನುವಂತೆಯೇ ಅವರು ಮೊಟ್ಟೆ ಬರೆಯುತ್ತಾರೆ, ಐಕಾನ್ ಬರೆಯುತ್ತಾರೆ. ಈಸ್ಟರ್ ಹಬ್ಬಕ್ಕೆ ಮಾಡುವ ಈ ಕಲೆಯನ್ನು ಯುನೆಸ್ಕೊ 2024ರಲ್ಲಿ, ಉಕ್ರೇನ್ ಮತ್ತು ಎಸ್ಟೋನಿಯಾದ ಜಂಟಿ ಮನವಿಯ ಮೇಲೆ, ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ವಿಧಾನ ಬಾಟಿಕ್ ಬಟ್ಟೆಯದೇ: ಮೇಣ ಮುಚ್ಚಿದ ಕಡೆ ಬಣ್ಣ ಹಿಡಿಯುವುದಿಲ್ಲ. ಹಸಿಯಾದ, ನುಣುಪಾದ, ಬಿಳಿ ಕೋಳಿಮೊಟ್ಟೆ ಬೇಕು. ವಿನೆಗರ್ ಬೆರೆಸಿದ ನೀರಿನಲ್ಲಿ ಮೆಲ್ಲಗೆ ಒರೆಸಿ ಒಣಗಿಸಬೇಕು. ಸೋಪು ಹಾಕಿದರೆ ತೆಳು ಪೊರೆ ಉಳಿದು ಬಣ್ಣ ತೇಪೆತೇಪೆಯಾಗುತ್ತದೆ, ಬೆರಳಿನ ಜಿಡ್ಡಿಗೂ ಅದೇ ಗತಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಶುರುಮಾಡಬಾರದು. ತಣ್ಣನೆಯ ಚಿಪ್ಪು ಬೆವರುತ್ತದೆ, ಮೇಣ ಕೂರುವುದಿಲ್ಲ. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಹಾಕಿ ಮೊಟ್ಟೆಯನ್ನು ಎರಡು, ನಾಲ್ಕು, ಎಂಟು ಭಾಗ ಮಾಡುತ್ತಾರೆ. ಗೆರೆ ತಪ್ಪಿದರೆ ಹಾಗೇ ಬಿಡಬೇಕು. ರಬ್ಬರ್ ಉಜ್ಜಿದರೆ ಚಿಪ್ಪಿನ ಮೇಲ್ಪದರ ಸವೆಯುತ್ತದೆ.

ಬರೆಯುವ ಸಲಕರಣೆ ‘ಪಿಸಚೋಕ್’: ಕಡ್ಡಿಯ ತುದಿಗೆ ಕಟ್ಟಿದ, ಸಾಸಿವೆಗಿಂತಲೂ ಸಣ್ಣ ತೂತಿರುವ ಪುಟ್ಟ ತಾಮ್ರದ ಆಲಿಕೆ. ಅದನ್ನು ಮೇಣದಬತ್ತಿಯ ಉರಿಯಲ್ಲಿ ಕಾಯಿಸಿ ಜೇನುಮೇಣದ ಗಟ್ಟಿಗೆ ಒತ್ತಿ ತುಂಬಿಸಿಕೊಳ್ಳುತ್ತಾರೆ. ಪಿಸಚೋಕ್ ಅಲ್ಲಾಡಿಸುವುದಕ್ಕಿಂತ ಮೊಟ್ಟೆಯನ್ನು ತಿರುಗಿಸುವುದು ಸರಿಯಾದ ಕ್ರಮ. ಮೊದಲ ಗೆರೆಗಳು ಕೊನೆಗೆ ಬಿಳಿಯಾಗಿ ಕಾಣುವಂಥವು. ನಂತರ ಹಳದಿಯಲ್ಲಿ ಮುಳುಗಿಸಿ, ಹಳದಿಯಾಗಿ ಉಳಿಯಬೇಕಾದ್ದನ್ನು ಮೇಣದಿಂದ ಮುಚ್ಚುತ್ತಾರೆ. ಹಸಿರು ಬೇಕಾದ ಕಡೆ ಮಾತ್ರ ಕಡ್ಡಿಯಿಂದ ತೊಟ್ಟಿಕ್ಕಿ ಅದನ್ನೂ ಮುಚ್ಚುತ್ತಾರೆ. ಆಮೇಲೆ ಕಿತ್ತಳೆ, ಕೆಂಪು, ಕೊನೆಗೆ ಕಪ್ಪು. ತಿಳಿಯಿಂದ ಗಾಢಕ್ಕೆ, ಎಂದೂ ಹಿಂದಕ್ಕಲ್ಲ. ಹಳೆಯ ಕಾಲದಲ್ಲಿ ಈರುಳ್ಳಿ ಸಿಪ್ಪೆ, ಕಾಡುಸೇಬಿನ ತೊಗಟೆ, ಅಕ್ರೋಟಿನ ಸಿಪ್ಪೆ ಕುದಿಸಿ ಬಣ್ಣ ತೆಗೆಯುತ್ತಿದ್ದರು, ಹಿಡಿತಕ್ಕೆ ಪಟಿಕ.

ಎಲ್ಲ ಮುಗಿದಾಗ ಕೈಯಲ್ಲಿರುವುದು ಕಪ್ಪು, ಉಬ್ಬುತಗ್ಗಿನ, ಕುರೂಪಿ ಗುಂಡು. ಅದನ್ನು ಉರಿಯ ಪಕ್ಕಕ್ಕೆ ಹಿಡಿಯಬೇಕು. ಉರಿಯ ಮೇಲೆ ಹಿಡಿದರೆ ಮಸಿ ಚಿಪ್ಪಿಗೆ ಅಂಟಿ ಹೋಗುವುದೇ ಇಲ್ಲ. ಮೇಣ ಹೊಳೆಯತೊಡಗಿದ ಕಡೆ ಮೆತ್ತನೆ ಬಟ್ಟೆಯಿಂದ ಒರೆಸುತ್ತ ಬಂದರೆ ಬಣ್ಣಗಳೆಲ್ಲ ಒಂದೊಂದಾಗಿ ಹೊರಬರುತ್ತವೆ, ಮೊದಲು ಮುಚ್ಚಿದ ಬಿಳಿಯೂ ಸೇರಿ.

ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಪಿಸಚೋಕ್ ತುಂಬಿ ತುಳುಕಿದರೆ ಹನಿ ಬೀಳುತ್ತದೆ. ಕೆರೆದು ತೆಗೆದರೂ ಅದರ ಕಲೆ ಉಳಿಯುತ್ತದೆ, ಅದನ್ನೇ ಹೂವೋ ಚುಕ್ಕೆಯೋ ಮಾಡಿಕೊಳ್ಳುವುದು ಜಾಣತನ. ಮೇಣ ಸಾಕಷ್ಟು ಕಾಯದಿದ್ದರೆ ಗೆರೆ ಚಿಪ್ಪಿಗೆ ಕಚ್ಚದೆ ಮೇಲೆ ಕೂರುತ್ತದೆ, ಬಣ್ಣ ಅದರಡಿಗೆ ನುಸುಳುತ್ತದೆ. ಇನ್ನು, ಒಳಗಿನ ರಸ ತೆಗೆಯದ ಮೊಟ್ಟೆಯನ್ನು ಬಿಸಿಲಲ್ಲಿ ಇಟ್ಟರೆ ಅನಿಲ ತುಂಬಿ ಸಿಡಿಯುತ್ತದೆ. ಊರಿಗೆ ತರಲು ಕೊಳ್ಳುವುದಾದರೆ ಊದಿ ಖಾಲಿಮಾಡಿದ್ದನ್ನೇ ಕೇಳಿ.

ವಿನ್ಯಾಸಗಳಲ್ಲಿ ಎರಡನ್ನು ಗುರುತಿಟ್ಟುಕೊಳ್ಳಿ: ಕೊನೆಮೊದಲಿಲ್ಲದೆ ಸುತ್ತುವ ಅಲೆಗೆರೆ, ಮತ್ತು ಮೈಯನ್ನೆಲ್ಲ 40 ತ್ರಿಕೋನಗಳಾಗಿ ಸೀಳಿದ ‘ಸೊರೊಕೊಕ್ಲಿನ್’. ಧರ್ಮದ ಆಚರಣೆ ಎಂದು ಸೋವಿಯತ್ ಕಾಲದಲ್ಲಿ ಇದನ್ನು ಹತ್ತಿಕ್ಕಿದಾಗ ಹಳ್ಳಿಯ ಹೆಂಗಸರೂ ಕೆನಡಾಕ್ಕೆ ವಲಸೆ ಹೋದ ಕುಟುಂಬಗಳೂ ಕೈಬಿಡಲಿಲ್ಲ.

ನಾಲ್ಕನೇ ದಿನ, ಶನಿವಾರ: ಕೋಸಿವ್ ಸಂತೆ

ಕೊಲೊಮಿಯಾದಿಂದ ಸುಮಾರು 35 ಕಿ.ಮೀ. ಸಂತೆ ಬೆಳಕು ಹರಿಯುವ ಮೊದಲೇ ರಂಗೇರುತ್ತದೆ, ಮಧ್ಯಾಹ್ನಕ್ಕೆ ಖಾಲಿ. ಇಲ್ಲಿನ ಬೆಟ್ಟದ ಜನ ಹುತ್ಸುಲರು.

ಮೊದಲು ಮಡಕೆ ಸಾಲು. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕೋಸಿವ್ ಚಿತ್ರಿತ ಮಡಕೆಗೆ ಮೂರೇ ಬಣ್ಣ: ಹಸಿರು, ಹಳದಿ, ಕಂದು. ಮಣ್ಣಿನ ಪಾತ್ರೆ ಅರೆ ಒಣಗಿದಾಗ ಬಿಳಿ ಜೇಡಿಯ ತಿಳಿಯಲ್ಲಿ ಅದ್ದುತ್ತಾರೆ. ಲೋಹದ ಮೊನೆಯಿಂದ ಆ ಬಿಳಿಯನ್ನು ಗೀರಿದಾಗ ಕೆಳಗಿನ ಕೆಂಪು ಗೆರೆಯಾಗಿ ಕಾಣುತ್ತದೆ. ಕಂದು ತುಂಬಿ ಒಮ್ಮೆ ಸುಟ್ಟು, ಹಸಿರು ಹಳದಿ ಹಾಕಿ, ಗಾಜುಲೇಪ ಕೊಟ್ಟು ಇನ್ನೊಮ್ಮೆ ಸುಡುತ್ತಾರೆ. ತಾಮ್ರದ ಹಸಿರು ಲೇಪದೊಳಗೆ ಕರಗಿ ಗೆರೆ ದಾಟಿ ಹರಿಯುತ್ತದೆ. ಅದು ತಪ್ಪಲ್ಲ, ಆ ಹರಿವೇ ಕೋಸಿವ್‌ನ ಗುರುತು. ಗೆರೆಯೊಳಗೆ ಅಚ್ಚುಕಟ್ಟಾಗಿ ನಿಂತ ಹಸಿರು ಕಂಡರೆ ಅನುಮಾನಿಸಿ. ಹಳೆಯ ರೀತಿಯ ಲೇಪದಲ್ಲಿ ಸೀಸ ಇರುತ್ತಿತ್ತು, ಹಾಗಾಗಿ ಹಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬೇಡಿ. 19ನೇ ಶತಮಾನದ ಒಲೆ ಹೆಂಚುಗಳಲ್ಲಿ ಓಲೆಕ್ಸಾ ಬಖ್ಮಾತ್ಯುಕ್ ಬೇಟೆಗಾರರು, ಸೈನಿಕರು, ಹೆಂಡದಂಗಡಿ, ಸಂತರು ಎಲ್ಲರನ್ನೂ ಬರೆದಿಟ್ಟಿದ್ದಾನೆ. ಸಾಮ್ರಾಜ್ಯದ ಚರಿತ್ರೆಯಲ್ಲಿ ಇಲ್ಲದ ಜನ ಒಲೆಯ ಮೇಲಿದ್ದಾರೆ.

ಕಸೂತಿ ಅಂಗಿಗಳನ್ನು ಮಗುಚಿ ನೋಡಿ ಕೊಳ್ಳಬೇಕು. ಹುತ್ಸುಲರ ‘ನಿಜಿಂಕಾ’ ಹೊಲಿಗೆಯನ್ನು ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸಿ ಹಾಕುತ್ತಾರೆ. ಹಿಂದೆ ಮುಂದೆ ಒಂದೇ ವಿನ್ಯಾಸ, ಬಣ್ಣ ಅದಲುಬದಲು. ಧಾರವಾಡದ ಕಸೂತಿಯ ನೇಯ್ಗೆ ಹೊಲಿಗೆ ಬಲ್ಲವರಿಗೆ ಕಣ್ಣು ತಾನೇ ಹಿಡಿಯುತ್ತದೆ. ಹಿಂಬದಿಗೆ ಬಿಳಿ ಕಾಗದದಂಥ ಪದರ ಅಂಟಿದ್ದರೆ ಅದು ಯಂತ್ರದ್ದು. ಹಳೆಯ ಅಂಗಿ, ಹಳೆಯ ಐಕಾನ್ ಎಂದು ಮಾರುವವರ ಬಳಿ ಹೋಗಬೇಡಿ. ಹಳೆಯ ಕಲಾವಸ್ತು ದೇಶದಿಂದ ಹೊರಗೆ ಒಯ್ಯಲು ಸರ್ಕಾರದ ಅನುಮತಿಪತ್ರ ಬೇಕು, ಇಲ್ಲದಿದ್ದರೆ ಗಡಿಯಲ್ಲಿ ವಶವಾಗುತ್ತದೆ. ಹೊಸದಕ್ಕೂ ರಸೀದಿ ಇಟ್ಟುಕೊಳ್ಳಿ.

ಮರಳುವಾಗ ಕೊಲೊಮಿಯಾ ಪಕ್ಕದ ನಿಝ್ನಿ ವೆರ್ಬಿಝ್‌ನಲ್ಲಿ 1808ರ ಮರದ ಚರ್ಚ್ ಇದೆ, ಐದು ಗುಮ್ಮಟದ್ದು. ಕಾರ್ಪಾಥಿಯನ್ ಮರದ ಚರ್ಚುಗಳ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಕೀಲಿ ಇರುವವರು ಊರೊಳಗಿರುತ್ತಾರೆ. ಸಂಜೆ ಕಿಯಿವ್‌ಗೆ ರಾತ್ರಿ ರೈಲು. ನಾಲ್ಕು ಮಲಗುಹಾಸಿನ ‘ಕುಪೆ’ ಡಬ್ಬಿ ಬೇಗ ತುಂಬುತ್ತದೆ.

ಐದನೇ ದಿನ, ಭಾನುವಾರ: ಸುರುಳಿ ಸುತ್ತಿಟ್ಟ ಚಿತ್ರಗಳು

ಕಿಯಿವ್‌ನಲ್ಲಿ ಇಳಿದವರು ನೇರ ರಾಷ್ಟ್ರೀಯ ಕಲಾ ಮ್ಯೂಸಿಯಮ್ಮಿಗೆ ಹೋಗಬೇಕು. ಎದುರಿಗೆ ಎರಡು ಸಿಂಹ, ಗ್ರೀಕ್ ಕಂಬಗಳು, ವಾಸ್ತುಶಿಲ್ಪಿ ಹೊರೊದೆತ್ಸ್ಕಿ. ಯುದ್ಧಕಾಲದಲ್ಲಿ ಖಾಯಂ ಸಂಗ್ರಹದ ಬಹುಭಾಗ ಬೇರೆಡೆ ಇದೆ, ತಾತ್ಕಾಲಿಕ ಪ್ರದರ್ಶನಗಳು ನಡೆಯುತ್ತವೆ. ಗೋಡೆಯಲ್ಲಿ ಖಾಲಿ ಮೊಳೆ ಕಂಡರೆ ನಿರಾಶರಾಗಬೇಡಿ, ಈ ಮನೆಯ ಚರಿತ್ರೆಗೆ ಖಾಲಿ ಮೊಳೆಯೂ ಸಾಕ್ಷಿ.

1917ರ ಕೊನೆಗೆ, ಉಕ್ರೇನ್ ಸ್ವತಂತ್ರ ಗಣರಾಜ್ಯವಾಗಲು ಹೊರಟಾಗ, ಕಿಯಿವ್‌ನಲ್ಲಿ ಉಕ್ರೇನಿಯನ್ ಕಲಾ ಅಕಾಡೆಮಿ ಶುರುವಾಯಿತು. ನೋಟು, ಅಂಚೆಚೀಟಿ, ಅಕ್ಷರಗಳನ್ನು ರೂಪಿಸಿದ ಹೆಯೊರ್ಹಿ ನಾರ್ಬುತ್ ಅಲ್ಲಿ ಕಲಿಸಿದ. ಭಿತ್ತಿಚಿತ್ರ ಕಲಿಸಿದವನು ಲ್ವಿವ್‌ನ ಅದೇ ಬೊಯ್ಚುಕ್. ಅವನೂ ಶಿಷ್ಯರೂ ಸೇರಿ ಒಡೆಸಾ, ಖಾರ್ಕಿವ್‌ಗಳಲ್ಲಿ ಹಸಿ ಗಾರೆಯ ಮೇಲೆ ರೈತರನ್ನು ಬರೆದರು, ಐಕಾನಿನ ಸಂತರಷ್ಟೇ ಗಂಭೀರವಾಗಿ. 1937ರ ಜುಲೈ 13ರಂದು ಸೋವಿಯತ್ ಅಧಿಕಾರಿಗಳು ಬೊಯ್ಚುಕ್, ಅವನ ಶಿಷ್ಯರಾದ ಇವಾನ್ ಪದಾಲ್ಕಾ, ವಾಸಿಲ್ ಸೆದ್ಲ್ಯಾರ್ ಮೂವರನ್ನೂ ಗುಂಡಿಟ್ಟು ಕೊಂದರು. ಡಿಸೆಂಬರಿನಲ್ಲಿ ಬೊಯ್ಚುಕ್‌ನ ಹೆಂಡತಿ, ಕಲಾವಿದೆ ಸೋಫಿಯಾ ನಲೆಪಿನ್ಸ್ಕಾಳನ್ನೂ. ಗೋಡೆಗಳ ಮೇಲಿದ್ದದ್ದನ್ನು ಅಳಿಸಿದರು. ಭಿತ್ತಿಚಿತ್ರವನ್ನು ಹೊತ್ತೊಯ್ದು ಬಚ್ಚಿಡಲಾಗುವುದಿಲ್ಲ. ಆದ್ದರಿಂದ ಬೊಯ್ಚುಕ್ ಇವತ್ತು ಉಳಿದಿರುವುದು ಹೆಚ್ಚಾಗಿ ಕರಡುಗಳಲ್ಲಿ, ಸಣ್ಣ ಹಲಗೆಗಳಲ್ಲಿ.

ಕ್ಯಾನ್ವಾಸಿನ ಕಥೆ ಬೇರೆಯಾಯಿತು. 1937ರಿಂದ 1939ರವರೆಗೆ ‘ಜನಶತ್ರು’ಗಳ ಚಿತ್ರಗಳನ್ನು ಬೇರೆ ಬೇರೆ ಊರುಗಳಿಂದ ತಂದು ಈ ಮ್ಯೂಸಿಯಮ್ಮಿನ ‘ಸ್ಪೆತ್ಸ್‌ಫೋಂಡ್’ ಎಂಬ ರಹಸ್ಯ ಉಗ್ರಾಣಕ್ಕೆ ಹಾಕಿದರು. ಬೆಲೆಯಿಲ್ಲದವು ಎಂಬ ವರ್ಗಕ್ಕೆ ಸೇರಿಸಿದರು. ನಾಶವಾಗಬೇಕಿದ್ದವು ದಶಕಗಳ ಕಾಲ ಕತ್ತಲಲ್ಲಿ ಸುರುಳಿಯಾಗಿ ಬಿದ್ದಿದ್ದು ಉಳಿದುಕೊಂಡವು. 2015ರಲ್ಲಿ ಅದೇ ಹೆಸರಿನ ಪ್ರದರ್ಶನವಾಗಿ ಜನರ ಮುಂದೆ ಬಂದವು. ಸುರುಳಿಗೂ ಬೆಲೆ ತೆರಬೇಕಾಗುತ್ತದೆ: ಒಣಗಿ ಗಡುಸಾದ ಎಣ್ಣೆಬಣ್ಣ ಬಾಗುವುದಿಲ್ಲ, ಸುತ್ತಿದಾಗ ಸುತ್ತಿನುದ್ದಕ್ಕೂ ಸೀಳುತ್ತದೆ; ಚಿತ್ರದ ಮೈ ಒಳಗಾಗುವಂತೆ ಸುತ್ತಿದ್ದರೆ ಪದರಗಳು ಒಂದಕ್ಕೊಂದು ಒತ್ತಿ ಎದ್ದುಬರುತ್ತವೆ. ಈ ಸಂಗ್ರಹದ ಚಿತ್ರಗಳ ಮೇಲೆ ಸಮಾನಾಂತರ ಬಿರುಕುಗಳಿದ್ದರೆ ಅವು ಆ ವರ್ಷಗಳ ಗುರುತು.

ಒಲೆಕ್ಸಾಂದ್ರ್ ಬೊಹೊಮಾಜೊವ್ 1927ರಲ್ಲಿ ಬರೆದ, ಗರಗಸ ಹರಿತಮಾಡುವವರ ಚಿತ್ರ ಸಿಕ್ಕರೆ ಅದರ ಮುಂದೆ ಕೂತುಬಿಡಿ. ಕಿತ್ತಳೆ, ನೇರಳೆ, ಹಸಿರು. ಕೆಲಸದ ಲಯವೇ ಬಣ್ಣವಾಗಿದೆ. 2022ರ ನವೆಂಬರ್ 15ರಂದು, ದೇಶದ ಮೇಲೆ ಭಾರಿ ಕ್ಷಿಪಣಿ ದಾಳಿ ನಡೆದ ದಿನವೇ, ಈ ತಲೆಮಾರಿನ ಚಿತ್ರಗಳನ್ನು ತುಂಬಿದ ಲಾರಿಗಳು ಕಿಯಿವ್‌ನಿಂದ ಮ್ಯಾಡ್ರಿಡ್‌ಗೆ ಹೊರಟವು. ಇವರಲ್ಲಿ ಹಲವರನ್ನು ಯುರೋಪಿನ ಮ್ಯೂಸಿಯಂಗಳು ಬಹುಕಾಲ ‘ರಷ್ಯನ್ ಅವಾಂಗಾರ್ಡ್’, ಅಂದರೆ ರಷ್ಯಾದ ಹೊಸಪಂಥದವರು, ಎಂದೇ ಕರೆದವು. ಅವರಲ್ಲೊಬ್ಬನಾದ ಚಿತ್ರಕಾರ ಮಲೆವಿಚ್ ಹುಟ್ಟಿದ್ದು 1879ರಲ್ಲಿ ಕಿಯಿವ್‌ನಲ್ಲಿ. 1920ರ ದಶಕದ ಕೊನೆಗೆ ಇಲ್ಲಿಗೇ ಬಂದು ಪಾಠ ಮಾಡಿದ. 2022ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಫ್ರೆಂಚ್ ಚಿತ್ರಕಾರ ದೆಗಾ ಬರೆದ ‘ರಷ್ಯನ್ ನರ್ತಕಿಯರ’ ಹೆಸರನ್ನು ‘ಉಕ್ರೇನಿಯನ್ ನರ್ತಕಿಯರು’ ಎಂದು ತಿದ್ದಿತು. ಎಲ್ಲ ಹೆಸರೂ ಇಷ್ಟು ಸುಲಭವಲ್ಲ. ಖಾರ್ಕಿವ್ ಬಳಿಯ ಚುಹುಯಿವ್‌ನಲ್ಲಿ ಹುಟ್ಟಿ ಪೀಟರ್ಸ್‌ಬರ್ಗಿನಲ್ಲಿ ಕಲಿತ ಚಿತ್ರಕಾರ ರೆಪಿನ್‌ನಂಥವನಿಗೆ ಒಂದೇ ಪದದ ಚೀಟಿ ಸಾಲುವುದಿಲ್ಲ. ಹುಟ್ಟಿದ ಊರು, ಕಲಿತ ಊರು ಎರಡನ್ನೂ ಬರೆಯುವುದೇ ನ್ಯಾಯ.

ಮಧ್ಯಾಹ್ನ ತೆರೆಶ್ಚೆಂಕಿವ್ಸ್ಕಾ ಬೀದಿಯ ಖನೆಂಕೊ ಮ್ಯೂಸಿಯಂ. 2022ರ ಅಕ್ಟೋಬರ್ 10ರಂದು ಹತ್ತಿರದಲ್ಲೇ ಕ್ಷಿಪಣಿ ಬಿದ್ದು ಕಿಟಕಿಗಳು ಒಡೆದವು. ಇದರ ನಿಧಿ ಸಿನಾಯ್ ಮಠದಿಂದ ಬಂದ, 6-7ನೇ ಶತಮಾನದ ನಾಲ್ಕು ಐಕಾನ್‌ಗಳು. ಕರಗಿದ ಮೇಣದಲ್ಲಿ ಬಣ್ಣ ಕಲಸಿ ಬಿಸಿಯಾಗಿಯೇ ಬರೆದವು. ಜಗತ್ತಿನಲ್ಲಿ ಇಂಥವು ಬಹಳ ಕಡಿಮೆ. 2023ರಲ್ಲಿ ಅವನ್ನು ಕಾಪಾಡಲು ಪ್ಯಾರಿಸ್‌ನ ಲೂವ್ರ್‌ಗೆ ಕಳಿಸಲಾಯಿತು.

ಕೆಲವೇ ನಿಮಿಷ ನಡೆದರೆ ತರಾಸ್ ಶೆವ್ಚೆಂಕೊ ಮ್ಯೂಸಿಯಂ. ಜೀತದಾಳಾಗಿ ಹುಟ್ಟಿದ (1814) ಈ ಹುಡುಗನನ್ನು 1838ರಲ್ಲಿ 2500 ರೂಬಲ್ ಕೊಟ್ಟು ಬಿಡಿಸಿದರು. ಬ್ರ್ಯುಲ್ಲೊವ್ ಎಂಬ ಕಲಾವಿದ ಬರೆದ ಭಾವಚಿತ್ರವನ್ನು ಲಾಟರಿ ಹಾಕಿ ಆ ಹಣ ಕೂಡಿಸಿದ್ದು. ನಮಗೆ ಆತ ಕವಿಯೆಂದಷ್ಟೇ ಗೊತ್ತು. 1860ರಲ್ಲಿ ಅಕಾಡೆಮಿ ಅವನಿಗೆ ಪದವಿ ಕೊಟ್ಟದ್ದು ತಾಮ್ರದ ಎಚ್ಚಣೆಗೆ. 1844ರ ಅವನ ಆರು ಮುದ್ರಣಗಳನ್ನು ಹತ್ತಿರದಿಂದ ನೋಡಿ. ತಾಮ್ರದ ತಗಡಿಗೆ ಮೇಣ ಮತ್ತು ರಾಳದ ಪದರ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸುತ್ತಾರೆ. ಗೀರಿದ ಕಡೆ ಮಾತ್ರ ಆಮ್ಲ ತಿನ್ನುತ್ತದೆ. 1847ರಲ್ಲಿ ಗಡಿಪಾರು ಮಾಡಿದಾಗ ತ್ಸಾರ್ ಬರೆಯುವುದನ್ನೂ ಚಿತ್ರಿಸುವುದನ್ನೂ ನಿಷೇಧಿಸಿದ. ಶೆವ್ಚೆಂಕೊ ಅಂಗೈಯಗಲದ ಪುಸ್ತಕಗಳನ್ನು ಹೊಲಿದುಕೊಂಡು ಬೂಟಿನೊಳಗೆ ಬಚ್ಚಿಟ್ಟು ಬರೆದ.

ಆರನೇ ದಿನ, ಸೋಮವಾರ: ಸೋಫಿಯಾ ಮತ್ತು ಮಿಖಾಯಿಲ್

11ನೇ ಶತಮಾನದ ಸೇಂಟ್ ಸೋಫಿಯಾ ಚರ್ಚ್ ಹೊರಗಿನಿಂದ 17-18ನೇ ಶತಮಾನದ, ಉಕ್ರೇನಿಯನ್ ಬರೋಕ್ ಶೈಲಿಯ ಕಟ್ಟಡದಂತೆ ಕಾಣುತ್ತದೆ. ಗೋಡೆಯ ಕೆಲವು ಕಡೆ ಗಾರೆ ತೆಗೆದಿಟ್ಟಿದ್ದಾರೆ, ಅಲ್ಲಿ ತೆಳು ಇಟ್ಟಿಗೆ ಮತ್ತು ಕಲ್ಲಿನ ಹಳೆಯ ಮೈ ಕಾಣುತ್ತದೆ. ಒಳಗೆ ಬಲಿಪೀಠದ ಮೇಲಿನ ಕಮಾನಿನಲ್ಲಿ ಕೈಯೆತ್ತಿ ಪ್ರಾರ್ಥಿಸುತ್ತ ನಿಂತ ಮಾತೆ ಮೇರಿ, ಹೆಸರು ‘ಒರಾಂತಾ’, 5 ಮೀಟರಿಗೂ ಎತ್ತರ. ಗಾಜಿನ ಹರಳುಗಳನ್ನು ಹಸಿ ಗಾರೆಗೆ ಬೇರೆ ಬೇರೆ ಓರೆಯಲ್ಲಿ ಒತ್ತಿದ್ದಾರೆ. ನೀವು ಪಕ್ಕಕ್ಕೆ ನಡೆದಂತೆ ಚಿನ್ನ ನಡೆಯುತ್ತದೆ. ಆದ್ದರಿಂದ ಒಂದೇ ಕಡೆ ನಿಂತು ಫೋಟೊ ತೆಗೆದವರಿಗೆ ಇದು ಸಿಕ್ಕುವುದಿಲ್ಲ. ಗೋಡೆ ಗೀಚಿದ ಬರಹಗಳನ್ನೂ ಹುಡುಕಿ. 1054ರಲ್ಲಿ ಯಾರೊಸ್ಲಾವ್ ದೊರೆ ತೀರಿಹೋದದ್ದನ್ನು ಯಾರೋ ಗೋಡೆಗೆ ಗೀರಿದ್ದಾರೆ. ಅವನ ಅಮೃತಶಿಲೆಯ ಶವಪೆಟ್ಟಿಗೆ ಅಲ್ಲೇ ಇದೆ. 2009ರಲ್ಲಿ ತೆರೆದಾಗ ಅವನ ಮೂಳೆಗಳಿರಲಿಲ್ಲ. 2025ರ ಜೂನ್‌ನ ದಾಳಿಯೊಂದರ ಕಂಪನಕ್ಕೆ ಹೊರಗೋಡೆಯ ಅಂಚುಪಟ್ಟಿ ಸ್ವಲ್ಪ ಕುಸಿಯಿತು.

ಚೌಕದ ಆ ತುದಿಗೆ ಚಿನ್ನದ ಗುಮ್ಮಟಗಳ ಸೇಂಟ್ ಮಿಖಾಯಿಲ್ ಮಠ. 12ನೇ ಶತಮಾನದ ಮೂಲ ಕಟ್ಟಡವನ್ನು ಸರ್ಕಾರಿ ಕಚೇರಿಗಳಿಗಾಗಿ 1937ರಲ್ಲಿ ಸ್ಫೋಟಿಸಿದರು. ಕೆಡವಲು ಒಪ್ಪಿಗೆಯ ಸಹಿ ಹಾಕಲು ಒಪ್ಪದ ಪುರಾತತ್ತ್ವಜ್ಞ ಮಿಕೋಲಾ ಮಕರೆಂಕೊ ಬಂಧನಕ್ಕೊಳಗಾಗಿ 1938ರಲ್ಲಿ ಗುಂಡಿಗೆ ಬಲಿಯಾದ. ಕೆಡವುವ ಮೊದಲು ಬಿಡಿಸಿ ತೆಗೆದ ಮೊಸಾಯಿಕ್‌ಗಳಲ್ಲಿ, ಅಂದರೆ ಇಂಥದೇ ಹರಳುಚಿತ್ರಗಳಲ್ಲಿ, ಒಂದು ಸೋಫಿಯಾದ ಮೇಲಂತಸ್ತಿನಲ್ಲಿದೆ. ಸಂತ ದಿಮಿತ್ರಿಯದು ಪ್ರದರ್ಶನಕ್ಕೆಂದು ಮಾಸ್ಕೊಗೆ ಹೋಯಿತು, ಬರಲಿಲ್ಲ. ಅದು ತ್ರೆತ್ಯಾಕೊವ್ ಗ್ಯಾಲರಿಯಲ್ಲಿದೆ. ಈಗಿನ ಕಟ್ಟಡ 1990ರ ದಶಕದ ಕೊನೆಗೆ ಮತ್ತೆ ಕಟ್ಟಿದ್ದು. ಹೊರಗೋಡೆಯುದ್ದಕ್ಕೂ 2014ರಿಂದ ರಷ್ಯಾ ಜೊತೆಗಿನ ಯುದ್ಧದಲ್ಲಿ ಮಡಿದವರ ಭಾವಚಿತ್ರಗಳು.

ಸಂಜೆ ವೊಲೊದಿಮಿರ್ಸ್ಕಾ ಬೀದಿಯಲ್ಲಿ ವಿಶ್ವವಿದ್ಯಾಲಯದ ಕೆಂಪು ಕಟ್ಟಡದ ಮುಂದೆ ಒಂದು ಕ್ಷಣ ನಿಲ್ಲಿ. 1964ರಲ್ಲಿ ಕಲಾವಿದೆ ಅಲ್ಲಾ ಹೋರ್ಸ್ಕಾ ಮತ್ತು ಗೆಳೆಯರು ಇಲ್ಲಿಗಾಗಿ ಶೆವ್ಚೆಂಕೊನ ಬಣ್ಣಗಾಜಿನ ಚಿತ್ರ ಮಾಡಿದ್ದರು. ಉದ್ಘಾಟನೆಗೂ ಮೊದಲೇ ಅದನ್ನು ಒಡೆದುಹಾಕಿದರು. ಅವಳು ಮರಿಯುಪೊಲ್‌ನಲ್ಲಿ ಮಾಡಿದ ಮೊಸಾಯಿಕ್‌ಗಳಿಗೂ 2022ರ ದಾಳಿಯಲ್ಲಿ ಹಾನಿಯಾಯಿತು.

ಏಳನೇ ದಿನ, ಮಂಗಳವಾರ: ಕಾನಿವ್

ದ್ನಿಪ್ರೊ ನದಿಗುಂಟ ಸುಮಾರು 150 ಕಿ.ಮೀ. ಬೆಳಗ್ಗೆಯೇ ಹೊರಟು ಕತ್ತಲಿಗೆ ಮುಂಚೆ ಮರಳಿ. ತಪಾಸಣಾ ಠಾಣೆಗಳಲ್ಲಿ ಪಾಸ್‌ಪೋರ್ಟ್ ಮೂಲಪ್ರತಿಯೇ ಬೇಕು. ಶೆವ್ಚೆಂಕೊ 1861ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡ. ತನ್ನನ್ನು ಉಕ್ರೇನಿನ ಬಯಲಲ್ಲಿ, ದ್ನಿಪ್ರೊ ಕಾಣುವ ದಿಬ್ಬದ ಮೇಲೆ ಹೂಳಿ ಎಂದು ಕವಿತೆಯಲ್ಲಿ ಕೇಳಿಕೊಂಡಿದ್ದ. ಗೆಳೆಯರು ಶವವನ್ನು ಅದೇ ಮೇ ತಿಂಗಳಲ್ಲಿ ರೈಲು, ಗಾಡಿ, ಹಬೆದೋಣಿಗಳಲ್ಲಿ ಇಲ್ಲಿಗೆ ತಂದರು. ಅದಾದ ಎರಡು ವರ್ಷಕ್ಕೆ, 1863ರಲ್ಲಿ, ರಷ್ಯಾದ ಮಂತ್ರಿ ವಲುಯೆವ್ ಉಕ್ರೇನಿಯನ್ ಎಂಬ ಪ್ರತ್ಯೇಕ ಭಾಷೆ ‘ಇರಲಿಲ್ಲ, ಇಲ್ಲ, ಇರಲಾರದು’ ಎಂಬ ಸುತ್ತೋಲೆ ಹೊರಡಿಸಿದ. ತ್ಸಾರನ 1876ರ ಎಮ್ಸ್ ಆಜ್ಞೆ ಆ ಭಾಷೆಯ ಮುದ್ರಣವನ್ನೂ ರಂಗಭೂಮಿಯನ್ನೂ ಕಟ್ಟಿಹಾಕಿತು. ಆ ಭಾಷೆಯ ಕವಿಯ ಗೋರಿಗೆ ಜನ ಬರುವುದು ನಿಲ್ಲಲಿಲ್ಲ. ಈಗಿರುವ ಕಂಚಿನ ಪ್ರತಿಮೆ 1939ರದು, ಸೋವಿಯತ್ ಕೈಯದು. ಅದಕ್ಕಿಂತ ಪಕ್ಕದ ‘ತರಾಸನ ಕೋಣೆ’ ನೋಡಬೇಕಾದ್ದು. 1884ರಲ್ಲಿ ಕಟ್ಟಿದ ಗುಡಿಸಲಿನ ಮರುನಿರ್ಮಾಣ ಅದು; ಕಾವಲುಗಾರ ಇವಾನ್ ಯಾದ್ಲೊವ್ಸ್ಕಿ ಸುಮಾರು ಐವತ್ತು ವರ್ಷ, 1933ರಲ್ಲಿ ಸಾಯುವವರೆಗೆ, ಈ ಗೋರಿ ನೋಡಿಕೊಂಡ.

ಎಂಟನೇ ದಿನ, ಬುಧವಾರ: ನದಿಯ ಮೇಲಿನ ದಿಬ್ಬ

ಆರ್ಸೆನಾಲ್ನಾ ಮೆಟ್ರೊ ನಿಲ್ದಾಣ 105.5 ಮೀಟರ್ ಆಳದಲ್ಲಿದೆ. ಸೈರನ್ ಆದಾಗ ಊರಿನವರ ಆಶ್ರಯ. ಮೇಲೆ ಬಂದು ಸ್ವಲ್ಪ ನಡೆದರೆ ಸೋವಿಯತ್ ಕಾಲದ ಮಹಾಕ್ಷಾಮದ ನೆನಪಿನ ಹೊಲೊದೊಮೊರ್ ಮ್ಯೂಸಿಯಂ. ಎದುರಿಗೆ ಎದೆಗೆ ಐದು ಗೋಧಿ ತೆನೆ ಅವಚಿಕೊಂಡ ಪುಟ್ಟ ಹುಡುಗಿಯ ಪ್ರತಿಮೆ. 1932ರ ಆಗಸ್ಟ್ 7ರ ಕಾನೂನು ಹೊಲದಲ್ಲಿ ಬಿದ್ದ ತೆನೆ ಆಯ್ದುಕೊಂಡವರನ್ನೂ ಕಳ್ಳರೆಂದು ಶಿಕ್ಷಿಸಿತು. ಜನ ಅದನ್ನು ‘ಐದು ತೆನೆಯ ಕಾನೂನು’ ಎಂದರು. ಆ ಕ್ಷಾಮದಲ್ಲಿ ಸತ್ತವರು ಸುಮಾರು 39 ಲಕ್ಷ ಎಂಬುದು ಉಕ್ರೇನಿನ ಜನಸಂಖ್ಯಾ ತಜ್ಞರ ಅಂದಾಜು. ಪಿಸಂಕಾ ಬರೆಯುತ್ತಿದ್ದ, ಗೋಡೆಗೆ ಹೂವು ಬಿಡಿಸುತ್ತಿದ್ದ ಕೈಗಳು ಆ ಲೆಕ್ಕದೊಳಗಿವೆ. ದಕ್ಷಿಣಕ್ಕೆ ಕಾಣುವ ಉಕ್ಕಿನ ‘ತಾಯ್ನಾಡು’ ಪ್ರತಿಮೆಯ ಗುರಾಣಿಯಿಂದ 2023ರ ಆಗಸ್ಟಿನಲ್ಲಿ ಸೋವಿಯತ್ ಲಾಂಛನ ಕಿತ್ತು ತ್ರಿಶೂಲ ಕೂಡಿಸಿದರು. ಸಾವಿರ ವರ್ಷದ ಹಿಂದಿನ ವೊಲೊದಿಮಿರ್ ದೊರೆಯ ನಾಣ್ಯದ ಗುರುತು ಅದು.

ಕೊನೆಗೆ ಲಾವ್ರಾ ಮಠದ ಆವರಣದಲ್ಲಿರುವ ಜಾನಪದ ಅಲಂಕಾರ ಕಲೆಯ ಮ್ಯೂಸಿಯಂ. ಇಲ್ಲಿ ಎರಡು ಹೆಸರು. ಮರಿಯಾ ಪ್ರಿಮಚೆಂಕೊಳ ಸಿಂಹ, ಹೂಬಾಲದ ಮೃಗಗಳು ಕಾಗದದ ಮೇಲೆ ಗ್ವಾಶ್ ಎಂಬ ದಪ್ಪ ನೀರುಬಣ್ಣದಲ್ಲಿವೆ. ಆ ಬಣ್ಣಕ್ಕೆ ಎಣ್ಣೆಯ ರಕ್ಷೆಯಿಲ್ಲ, ಬೆಳಕು ಮಾಸಿಸುತ್ತದೆ, ಒದ್ದೆ ಬೆರಳೂ ಅಳಿಸುತ್ತದೆ. ಆದ್ದರಿಂದ ಕೋಣೆ ಮಬ್ಬಾಗಿರುತ್ತದೆ, ಚಿತ್ರಗಳನ್ನು ಬದಲಿಸುತ್ತಿರುತ್ತಾರೆ, ಫ್ಲ್ಯಾಶ್ ಹಾಕಬಾರದು. 2022ರ ಫೆಬ್ರುವರಿ ಕೊನೆಗೆ ಇವಾನ್ಕಿವ್ ಮ್ಯೂಸಿಯಂ ಹೊತ್ತಿ ಉರಿದಾಗ ಊರಿನವರು ಒಳಗೆ ನುಗ್ಗಿ ಅವಳ ಹಲವು ಚಿತ್ರಗಳನ್ನು ಎತ್ತಿತಂದರು.

ಇನ್ನೊಬ್ಬಳು ಕತೆರಿನಾ ಬಿಲೊಕೂರ್ (1900-1961), ಬೊಹ್ದಾನಿವ್ಕಾ ಹಳ್ಳಿಯವಳು, ಚಿತ್ರಕಲೆಯನ್ನು ಯಾರಿಂದಲೂ ಕಲಿಯಲಿಲ್ಲ. ಬೆಕ್ಕಿನ ಕೂದಲಿನಿಂದ ಕುಂಚ ತಾನೇ ಕಟ್ಟಿಕೊಂಡಳು, ಒಂದೊಂದು ಬಣ್ಣಕ್ಕೆ ಒಂದೊಂದು. ಹೂವನ್ನು ಕೀಳುತ್ತಿರಲಿಲ್ಲ, ಗಿಡದ ಬಳಿ ಕೂತು ದಳದಳವಾಗಿ ಬರೆಯುತ್ತಿದ್ದಳು. ಒಂದೇ ಕ್ಯಾನ್ವಾಸಿನಲ್ಲಿ ವಸಂತದ ಹೂವೂ ಶರತ್ಕಾಲದ ಡೇಲಿಯಾವೂ ಇರುವುದು ಅದಕ್ಕೇ. ಡೇಲಿಯಾ ಅರಳುವವರೆಗೆ ಆ ಜಾಗವನ್ನು ಖಾಲಿ ಬಿಟ್ಟು ಕಾಯುತ್ತಿದ್ದಳು. ಇವನ್ನು ಒಂದು ಗಂಟೆಯಾದರೂ ನೋಡಿ, ಎಲೆಯ ಬೆನ್ನಿನ ನರಗಳವರೆಗೂ ಬರೆದಿದ್ದಾಳೆ. ಪ್ಶೆಮಿಶ್ಲ್ ರೈಲಿಗೆ ನಿಲ್ದಾಣಕ್ಕೆ ಒಂದು ಗಂಟೆ ಮೊದಲು ಬನ್ನಿ. ಸೈರನ್ ಆದರೆ ದಾರಿಯಲ್ಲಿ ಟ್ರಾಮ್, ಬಸ್ಸು ನಿಲ್ಲಬಹುದು.